ಮಕ್ಕಳನ್ನು ಅಂಗಳಕ್ಕಿಳಿಸುವ ಆಟ: ಆರಿಸುವುದು ಮತ್ತು ಆಡಿಸುವುದು ಹೇಗೆ?

ಪ್ರಕೃತಿಯನ್ನು ಪರಿಚಯಿಸುವುದಾಗಿ ಹೇಳಿಕೊಳ್ಳುವ ಕಂಪ್ಯೂಟರ್ ಆಟಗಳಲ್ಲಿ ಅನೇಕವು ಕುರ್ಚಿಯಲ್ಲಿ ಕುಳಿತಲ್ಲಿಯೇ ಮುಗಿಯುವಂಥವು. ಆದ್ದರಿಂದ ಮನೆಯಿಂದ ಹೊರಗೆ ಕಾಲಿಡದೆಯೇ ಮಗು ಮುಂದಿನ ಹಂತಕ್ಕೆ ಹೋಗಬಹುದೇ ಎಂಬುದನ್ನು ಮೊದಲು ಪರಿಶೀಲಿಸಬೇಕು. ಹೋಗಬಹುದಾದರೆ ಆ ಆಟವನ್ನು ಬಿಡುವುದೇ ಲೇಸು.

ಈ ದೃಷ್ಟಿಯಿಂದ ಐನ್ಯಾಚುರಲಿಸ್ಟ್ ಸಂಸ್ಥೆಯ ‘ಸೀಕ್’ ಆ್ಯಪ್ ಒಳ್ಳೆಯ ಆರಂಭ. ಇದು ಉಚಿತ, ಖಾತೆ ತೆರೆಯದೆಯೂ ಬಳಸಬಹುದಾದ್ದರಿಂದ ಮಗುವಿನ ಹೆಸರು, ಇಮೇಲ್ ಕೊಡಬೇಕಾಗಿಲ್ಲ. ಕ್ಯಾಮೆರಾವನ್ನು ಗಿಡದತ್ತಲೋ ಹುಳುವಿನತ್ತಲೋ ಹಿಡಿದಾಗ ಪರದೆಯ ಮೇಲಿನ ಚುಕ್ಕಿಗಳು ಒಂದೊಂದಾಗಿ ತುಂಬುತ್ತವೆ: ಮೊದಲು ಸಸ್ಯವೋ ಪ್ರಾಣಿಯೋ ಎಂಬುದು, ಅನಂತರ ವರ್ಗ, ಕುಟುಂಬ, ಕೊನೆಗೆ ಪ್ರಭೇದ. ಕೇಪುಳದ ಗಿಡವನ್ನು ದೂರದಿಂದ ತೋರಿಸಿದರೆ ಚುಕ್ಕಿಗಳು ನಡುದಾರಿಯಲ್ಲೇ ನಿಲ್ಲಬಹುದು. ಹತ್ತಿರ ಹೋಗಿ, ಹೂವಿನ ನಾಲ್ಕು ಎಸಳುಗಳೂ ಎದುರುಬದುರಾಗಿ ಜೋಡಿಸಿಕೊಂಡ ಎಲೆಗಳೂ ಸ್ಪಷ್ಟವಾಗಿ ಕಾಣುವಂತೆ ಹಿಡಿದರೆ ಮುಂದುವರಿಯುವ ಸಾಧ್ಯತೆ ಹೆಚ್ಚು. ಗಿಡವನ್ನು ಗುರುತಿಸಲು ಏನನ್ನು ಗಮನಿಸಬೇಕೆಂಬುದನ್ನು ಮಗು ಹೀಗೆ ತಾನಾಗಿಯೇ ಕಲಿಯುತ್ತದೆ.

ಇದಕ್ಕೆ ಹಿರಿಯರು ಒಂದು ನಿಯಮವನ್ನು ಸೇರಿಸಬೇಕು. ಫೋನ್ ಎತ್ತುವ ಮುನ್ನ ಮಗು ತನ್ನ ಊಹೆಯನ್ನು ಹೇಳಬೇಕು. ಮನೆಗೆ ಬಂದ ಮೇಲೆ ಅಜ್ಜಿಗೆ ಗೊತ್ತಿರುವ ತುಳು ಅಥವಾ ಕುಂದಾಪ್ರ ಕನ್ನಡದ ಹೆಸರನ್ನು ಕೇಳಿ, ವೈಜ್ಞಾನಿಕ ಹೆಸರಿನ ಪಕ್ಕದಲ್ಲಿ ಬರೆದಿಡಬೇಕು. (ಎಷ್ಟೋ ಸಲ ಅಜ್ಜಿಯೇ ಗೆಲ್ಲುತ್ತಾರೆ.) ಆ್ಯಪ್ ತಪ್ಪುವುದೂ ಉಂಟು, ಅದರ ಮಾತನ್ನು ನಂಬಿ ಅಣಬೆಯನ್ನಾಗಲಿ ಕಾಡುಹಣ್ಣನ್ನಾಗಲಿ ಬಾಯಿಗಿಡಕೂಡದು.

ಹಕ್ಕಿಗಳಿಗೆ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದ ‘ಮರ್ಲಿನ್’ ಆ್ಯಪ್ ಇದೆ. ಇದು ಆಟವಲ್ಲವಾದರೂ ಆಟವಾಗಿಸಬಹುದು: ಮಣಿಪಾಲದ ಮಣ್ಣಪಳ್ಳದ ಕೆರೆಯ ಬಳಿ ಬೆಳಗ್ಗೆ ಮಗು ಕಣ್ಣು ಮುಚ್ಚಿ ಎಷ್ಟು ಬಗೆಯ ದನಿ ಕೇಳಿಸಿತೆಂದು ಬೆರಳೆಣಿಸಲಿ, ಆಮೇಲೆ ಧ್ವನಿ ಗುರುತಿಸುವ ಗುಂಡಿಯನ್ನು ಒತ್ತಲಿ. ಭಾರತದ ಹಕ್ಕಿಗಳ ಪ್ಯಾಕನ್ನು (ಮಾಹಿತಿಯ ಕಂತೆಯನ್ನು) ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡಿರಬೇಕು.

ಮುಂದೆ ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯ ಕಡೆಗೆ ಹೋಗಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳನ್ನು, ಇಳಿತದ ಹೊತ್ತಿಗೆ ಮಂಗಳೂರಿನ ತಣ್ಣೀರುಬಾವಿ ಕಡಲತೀರದ ಮರಳಿನಲ್ಲಿ ಏಡಿಗಳ ಬಿಲಗಳನ್ನು ಹುಡುಕಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟಾಗಿರುವುದರಿಂದ ತೀರದ ಆಟ ಬೇಡ. ಆಗ ಮುರಕಲ್ಲಿನ ಪಾಗಾರದ ಮೇಲೆ ಮೂಡುವ ಪಾಚಿ, ಜರೀಗಿಡ, ಬಸವನಹುಳುಗಳೇ ವಾರಗಟ್ಟಲೆಗೆ ಸಾಕಾಗುತ್ತವೆ, ಫೋನಿಗೊಂದು ಪ್ಲಾಸ್ಟಿಕ್ ಹೊದಿಕೆ ಇದ್ದರಾಯಿತು.