ಪೋರ್ಟೊದಲ್ಲಿ ಊಟಪ್ರಿಯರನ್ನು ನದಿ ದಡ ಬಿಟ್ಟು ಬೊಂಫಿಂನಲ್ಲಿ ಇಳಿಸಿದ ನನ್ನ ಅನುಭವ

ಪೋರ್ಚುಗಲ್‌ನ ಪೋರ್ಟೊಗೆ ತಿನ್ನಲೆಂದೇ ಹೊರಟ ಗುಂಪು ನಿಮ್ಮ ಹತ್ತಿರ ಇದ್ದರೆ ಅವರನ್ನು ನದಿ ದಡದ ರಿಬೇಯ್ರಾದಲ್ಲಿ ಇಳಿಸಬೇಡಿ. ಬೊಂಫಿಂ ಅನ್ನೋ ಪೇಟೆಯಲ್ಲಿ ಇಳಿಸಿ. ಬೊಲ್ಯಾವ್ ಮಾರ್ಕೆಟ್ಟಿನಿಂದ ಪೂರ್ವಕ್ಕೆ ಹತ್ತು ಹದಿನೈದು ನಿಮಿಷ ನಡೆದರೆ ಸಿಗುತ್ತದೆ. ಕಾಂಪು 24 ದ ಅಗೋಸ್ತು ಅನ್ನೋ ಮೆಟ್ರೋ ಸ್ಟೇಷನ್ನಿನ ಸುತ್ತಮುತ್ತ.

ಪ್ರವಾಸ ನಡೆಸುವ ನಮ್ಮ ಲೈನಿನಲ್ಲಿ ಇದನ್ನು ಮೊದಲು ಹೇಳಿದಾಗ ಯಾರೂ ಒಪ್ಪಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಹುಡುಗನೇ, "ನದಿ ಕಾಣಲ್ಲ, ಸೇತುವೆ ಕಾಣಲ್ಲ, ಫೋಟೋ ಹಾಕೋಕೆ ಏನಿದೆ ಸರ್ ಅಲ್ಲಿ?" ಅಂದ. ಮಂಗಳೂರಿನ ಹಳೇ ಏಜೆಂಟರೊಬ್ಬರು, "ಜನ ದುಡ್ಡು ಕೊಡೋದು ಚಿತ್ರ ನೋಡಿ ಮಾರಾಯ್ರೇ, ಊಟ ಆಮೇಲಿನ ಮಾತು" ಅಂದರು. ಈಗ ಅವರೇ ತಮ್ಮ ಗಿರಾಕಿಗಳನ್ನು ನನ್ನ ಕೈಗೆ ಒಪ್ಪಿಸುತ್ತಿದ್ದಾರೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನ ಗುಂಪುಗಳು ಚಿಕ್ಕವು. ಎಂಟು, ಒಂಬತ್ತು, ಜಾಸ್ತಿ ಅಂದರೆ ಹತ್ತು ಜನ. ಹೆಚ್ಚಿನವರು ಐವತ್ತು ದಾಟಿದವರು. ಅರ್ಧದಷ್ಟು ಕರಾವಳಿಯವರು, ಮೀನು, ಹಂದಿ ಎಲ್ಲ ತಿನ್ನುವವರು. ಉಳಿದವರು ಬೆಂಗಳೂರು, ಮೈಸೂರು ಕಡೆಯವರು. ಅವರಲ್ಲಿ ಇಬ್ಬರು ಮೂವರು ಸಸ್ಯಾಹಾರಿಗಳು ಇದ್ದೇ ಇರುತ್ತಾರೆ. ಎಲ್ಲರಿಗೂ ಒಂದೇ ಆಸೆ: ಆ ಊರಿನವರು ದಿನಾ ತಿನ್ನೋದನ್ನು ತಾವೂ ತಿನ್ನಬೇಕು.

ರಿಬೇಯ್ರಾ ನೋಡೋಕೆ ಚೆಂದ. ಅದರಲ್ಲಿ ಎರಡು ಮಾತಿಲ್ಲ. ಹಳೇ ಊರು 1996ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ದೋರು ನದಿ, 1886ರಲ್ಲಿ ತೆರೆದ ಎರಡು ಅಂತಸ್ತಿನ ದೊಂ ಲೂಯಿಸ್ ಸೇತುವೆ, ಆಚೆ ದಡದ ಗಾಯಾದಲ್ಲಿ ಪೋರ್ಟ್ ವೈನಿನ ಉಗ್ರಾಣಗಳು. ಇದಕ್ಕೆಲ್ಲ ಒಂದು ಸಂಜೆ ಕೊಡಲೇಬೇಕು. ಆದರೆ ಮೊದಲ ಗುಂಪನ್ನು ಅಲ್ಲೇ ಉಳಿಸಿದಾಗ ದುಡ್ಡು ನೀರಿನ ಹಾಗೆ ಹೋಯಿತು. ಕೋಣೆಗೆ ರಾತ್ರಿಗೆ ತಲೆಗೆ 60 ಯೂರೋ ಮೇಲೆ. ನದಿ ದಡದಲ್ಲಿ ಒಂದು ಪ್ಲೇಟು ಮೀನು, ಒಂದು ಲೋಟ ವೈನು, ಮೂವತ್ತೈದು ಯೂರೋ ಹತ್ತಿರ. ಐದು ಭಾಷೆಯ ಮೆನು, ಪ್ರತಿ ತಿಂಡಿಗೂ ಬಣ್ಣದ ಫೋಟೋ. ಸುತ್ತ ಕೂತವರೆಲ್ಲ ನಮ್ಮ ಹಾಗೇ ಪ್ರವಾಸಿಗಳು. ಇನ್ನು ಆ ಏರು! ಸಾವ್ ಬೆಂಟೊ ಸ್ಟೇಷನ್ನಿಗೆ ಹತ್ತಬೇಕಾದರೆ ಕಲ್ಲು ಹಾಸಿನ ಕಡಿದಾದ ದಾರಿ. ಊಟ ಮಾಡಿ ಹೊಟ್ಟೆ ಭಾರವಾದವರು ಮಂಡಿ ಹಿಡಿದುಕೊಂಡು ಹತ್ತುತ್ತಿದ್ದರು. ಮೂರನೇ ದಿನಕ್ಕೆ ಇಬ್ಬರು ರಾತ್ರಿ ಊಟಕ್ಕೇ ಬರಲಿಲ್ಲ. ಊಟಕ್ಕೆಂದು ಬಂದವರು ಊಟ ಬಿಡುತ್ತಾರೆ ಅಂದರೆ ಜಾಗವೇ ಸರಿ ಇಲ್ಲ ಅಂತ ಅರ್ಥ, ಅಲ್ವಾ?

ಆಮೇಲೆ ಒಂದೊಂದೇ ಪೇಟೆ ನೋಡಿದೆ. ಗಾಯಾದಿಂದ ನೋಟ ಚೆನ್ನಾಗಿದೆ, ಆದರೆ ಪ್ರತಿ ಊಟಕ್ಕೂ ಸೇತುವೆ ದಾಟಬೇಕು. ಫೋಜ್‌ನಲ್ಲಿ ನದಿ ಸಮುದ್ರ ಸೇರುತ್ತದೆ, ಗಾಳಿ ಬೆಳಕು ಹಿತ. ಅಲ್ಲಿಗೆ ಮೆಟ್ರೋ ಇಲ್ಲ, ಬಸ್ಸು ಅಥವಾ ಹಳೇ ಟ್ರಾಮು. ದುಡ್ಡಿರುವವರ ಬಡಾವಣೆ, ರೇಟೂ ಹಾಗೇ. ಸೆದೊಫೈತಾ ನನಗೆ ತುಂಬಾ ಹಿಡಿಸಿತು. ಮಿಗೆಲ್ ಬೊಂಬಾರ್ದಾ ಬೀದಿಯ ಚಿತ್ರ ಗ್ಯಾಲರಿಗಳು, ಒಳ್ಳೇ ಕಾಫಿ. ವಯಸ್ಸಿನ ಹುಡುಗರ ಗುಂಪಿದ್ದರೆ ಕಣ್ಣು ಮುಚ್ಚಿ ಅಲ್ಲಿ ಹಾಕಿ. ನನ್ನವರಿಗೆ ಬೇಕಿದ್ದದ್ದು ಬೇಯಿಸಿದ ಬಿಸಿ ಊಟ. ಅಲ್ಲಿ ಬ್ರಂಚು, ಟೋಸ್ಟು ಜಾಸ್ತಿ.

ಕೊನೆಗೆ ಕೈ ಹಿಡಿದದ್ದು ಮಧ್ಯಾಹ್ನದ ಪರೀಕ್ಷೆ. ಪೇಟೆಯನ್ನು ರಾತ್ರಿ ನೋಡಿದರೆ ಏನೂ ಗೊತ್ತಾಗೋದಿಲ್ಲ. ರಾತ್ರಿ ಎಲ್ಲ ಕಡೆ ದೀಪ ಇರುತ್ತದೆ. ವಾರದ ದಿನ, ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಹೋಗಿ ನಿಲ್ಲಿ. ಗೂಡಿನಂಥ ಹೋಟೆಲಿಗೆ ಅಲ್ಲಿ ತಾಸ್ಕಾ ಅನ್ನುತ್ತಾರೆ. ಅದರ ಬಾಗಿಲಲ್ಲಿ ಪ್ರಾತು ದು ದಿಯಾ, ಅಂದರೆ ಅವತ್ತಿನ ಊಟ, ಕೈಯಲ್ಲಿ ಬರೆದು ಅಂಟಿಸಿರಬೇಕು. ಮರುದಿನ ಹೋದರೆ ಚೀಟಿ ಬದಲಾಗಿರಬೇಕು. ಒಳಗೆ ಪೇಂಟ್ ಮೆತ್ತಿದ ಪ್ಯಾಂಟಿನವರು, ಬ್ಯಾಂಕಿನ ಗುರುತಿನ ಚೀಟಿ ತೂಗುಹಾಕಿಕೊಂಡವರು, ಒಬ್ಬರೇ ಕೂತ ಅಜ್ಜಿಯರು, ಮೂರೂ ತರದವರು ಇರಬೇಕು. ಹತ್ತು ನಿಮಿಷದ ನಡಿಗೆಯೊಳಗೆ ಇಂಥವು ಐದಾರು ಸಿಕ್ಕರೆ ಆ ಪೇಟೆ ಪಾಸು. ರಿಬೇಯ್ರಾದಲ್ಲಿ ಹುಡುಕಿ ಹುಡುಕಿ ಒಂದೋ ಎರಡೋ ಸಿಕ್ಕವು. ಬೊಂಫಿಂನಲ್ಲಿ ಹತ್ತು ದಾಟಿದ ಮೇಲೆ ಎಣಿಸೋದು ಬಿಟ್ಟೆ.

ಎರಡನೇ ಪರೀಕ್ಷೆ ಕಾಲಿನದು. ತುಂಬಿದ ಹೊಟ್ಟೆಯಲ್ಲಿ ಮನೆಗೆ ವಾಪಸ್ ನಡೆಯೋಕೆ ಆಗಬೇಕು. ಬೊಲ್ಯಾವ್‌ನಿಂದ ಫೆರ್ನಾಂದೆಸ್ ತೊಮಾಸ್ ಬೀದಿ ಹಿಡಿದರೆ ಕಾಂಪು 24 ದ ಅಗೋಸ್ತುವರೆಗೆ ನಮ್ಮ ವಯಸ್ಸಿನವರು ಮಾತಾಡುತ್ತಾ ನಡೆಯಬಹುದು. ಮೆಟ್ರೋ ಇನ್ನೂ ಅನುಕೂಲ. ಏರ್‌ಪೋರ್ಟಿಗೆ ನೇರ ಗಾಡಿ. ಪಕ್ಕದ ಬಂದರಿನ ಊರು ಮಾಟೊಸಿನ್ಯೊಸ್‌ನ ಮೀನಿಗೂ ನೇರ ಗಾಡಿ, ನೀಲಿ ಲೈನು. ರಿಬೇಯ್ರಾದಿಂದ ಹೊರಟರೆ ಎರಡಕ್ಕೂ ತ್ರಿಂದಾದ್ ಸ್ಟೇಷನ್ನಿನಲ್ಲಿ ಇಳಿದು ಬೇರೆ ಗಾಡಿ ಹತ್ತಬೇಕು.

ಬೊಂಫಿಂನ ಒಂದು ಊಟ ಹೇಗಿರುತ್ತದೆ ಅಂತ ಹೇಳುತ್ತೇನೆ. ಮೇಜಿಗೆ ಕಾಗದದ ಹಾಸು. ಕೂತ ಕೂಡಲೇ ಬ್ರೆಡ್ಡು, ಆಲಿವ್ ತಂದಿಡುತ್ತಾರೆ. ಅದನ್ನು ಮುಟ್ಟಿದರೆ ದುಡ್ಡು, ಬೇಡ ಅಂದರೆ ಬೇಸರವಿಲ್ಲದೆ ವಾಪಸ್ ಒಯ್ಯುತ್ತಾರೆ. ಬ್ರೋವಾ ಅನ್ನೋ ಮೆಕ್ಕೆಜೋಳದ ಬ್ರೆಡ್ಡು ಇದ್ದರೆ ಮಾತ್ರ ಇರಲಿ ಅನ್ನಿ. ಆಮೇಲೆ ಸೂಪು. ಆಮೇಲೆ ಉದ್ದನೆಯ ಸ್ಟೀಲ್ ತಟ್ಟೆಯಲ್ಲಿ ಊಟ: ಉಪ್ಪು ಮೀನಿನ ಪತಾನಿಶ್ಕಾ, ಬದಿಯಲ್ಲಿ ರಸ ಬಿಟ್ಟ ಹುರುಳಿಕಾಯಿ ಬೀಜದ ಅನ್ನ. ಹಿಟ್ಟಿನಲ್ಲಿ ಅದ್ದಿ ಕರಿದ ಮೀನಿನ ಅಂಚು ಗರಿಗರಿ, ನಡುವೆ ಮೆತ್ತಗೆ. ಕೊನೆಗೆ ಕಾಫಿ. ಲೆಕ್ಕವನ್ನು ಮಾಲೀಕ ಕಿವಿಗೆ ಸಿಕ್ಕಿಸಿದ ಪೆನ್ನು ತೆಗೆದು ಅದೇ ಕಾಗದದ ಮೇಲೆ ಬರೆದು ಕೂಡುತ್ತಾನೆ. ನಾವು ಹೋದಾಗ ಎಲ್ಲ ಸೇರಿ ತಲೆಗೆ 10ರಿಂದ 12 ಯೂರೋ ಬೀಳುತ್ತಿತ್ತು.

ಒಂದು ಮುಖ್ಯ ವಿಷಯ. ಮೆನುವಿನಲ್ಲಿ ದೋಜ್ ಅಂದರೆ ಪೂರ್ತಿ, ಮೇಯಾ ದೋಜ್ ಅಂದರೆ ಅರ್ಧ. ಒಬ್ಬರಿಗೆ ಅರ್ಧವೇ ಬೇಕಾದಷ್ಟಾಗುತ್ತದೆ. ಒಂಬತ್ತು ಜನಕ್ಕೆ ಐದು ಪೂರ್ತಿ ಹೇಳಿ ನಡುವೆ ಇಟ್ಟು ಹಂಚಿಕೊಂಡೆವು. ಐದು ತರದ ರುಚಿಯೂ ಸಿಕ್ಕಿತು, ಬಿಲ್ಲೂ ಇಳಿಯಿತು. ಫ್ರಾನ್ಸೆಸಿನ್ಯಾ ಅಂತೂ ಇಬ್ಬರಿಗೆ ಒಂದೇ ಹೇಳಿ. ಬ್ರೆಡ್ಡಿನ ನಡುವೆ ಎರಡು ಮೂರು ತರದ ಮಾಂಸ, ಮೇಲೆ ಕರಗಿದ ಚೀಸು, ಸುತ್ತ ಬಿಯರ್ ಹಾಕಿದ ಖಾರದ ಸಾರು. ಅದು ತಿಂದ ಮಧ್ಯಾಹ್ನ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

ಯಾವ ತಾಸ್ಕಾಗೆ ಕರೆದುಕೊಂಡು ಹೋಗುತ್ತೇನೆ ಅಂತ ಕೇಳುವವರು ಬಹಳ. ಹೆಸರು ಹೇಳೋದಿಲ್ಲ. ಇರೋದೇ ಆರೇಳು ಮೇಜು, ನಾಲ್ಕು ಗುಂಪು ನುಗ್ಗಿದರೆ ಅದನ್ನು ನಡೆಸುವ ದಂಪತಿಗೆ ಕಷ್ಟ, ನನಗೂ ನಷ್ಟ. ಬುಕಿಂಗ್ ತೆಗೆದುಕೊಳ್ಳದ ಜಾಗದಲ್ಲಿ ಒಂಬತ್ತು ಜನಕ್ಕೆ ಒಟ್ಟಿಗೆ ಜಾಗ ಹೇಗೆ ಮಾಡಿಸುತ್ತೇನೆ ಅನ್ನೋದನ್ನೂ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಹಿಂದಿನ ದಿನ ಸಂಜೆ ಅಲ್ಲೊಂದು ಸಣ್ಣ ಕೆಲಸ ಮಾಡಿ ಬರುತ್ತೇನೆ ಅಂತ ಮಾತ್ರ ಹೇಳಬಲ್ಲೆ.

ಬೊಲ್ಯಾವ್ ಮಾರ್ಕೆಟ್ ಕಟ್ಟಡ 1914ರದ್ದು. 2018ರಲ್ಲಿ ದುರಸ್ತಿಗೆ ಮುಚ್ಚಿ 2022ರಲ್ಲಿ ಮತ್ತೆ ತೆರೆದರು. ದುರಸ್ತಿ ಆದ ಮೇಲೆ ಪ್ರವಾಸಿಗಳ ನೂಕುನುಗ್ಗಲು ಜಾಸ್ತಿ ಆಗಿದೆ ಅಂತ ಕೆಲವರು ಅದನ್ನು ಬಿಟ್ಟೇಬಿಡುತ್ತಾರೆ. ಬಿಡಬೇಡಿ. ಬೆಳಿಗ್ಗೆ ಎಂಟೂವರೆಗೆ ಹೋಗಿ. ಆ ಹೊತ್ತಿಗೆ ಮೀನು, ಸೊಪ್ಪು, ಆಲಿವ್ ಮಾರುವ ಹೆಂಗಸರಿಗೆ ಮಾತಾಡೋಕೆ ಪುರುಸೊತ್ತು ಇರುತ್ತದೆ. ಹನ್ನೊಂದರ ನಂತರ ವೈನ್ ಲೋಟ ಹಿಡಿದವರ ಗುಂಪು. ಭಾನುವಾರ ಮಾರ್ಕೆಟ್ ರಜೆ.

ಅಲ್ಲಿಂದ ತಂದ ಟೊಮೆಟೊ, ಕೊತ್ತಂಬರಿಯಲ್ಲಿ ಅಪಾರ್ಟ್‌ಮೆಂಟಿನಲ್ಲೇ ಸಾರು ಮಾಡಿದೆವು. ತೊಗರಿಬೇಳೆ ಸಾವ್ ಬೆಂಟೊ ಪಕ್ಕದ ಗಲ್ಲಿಗಳಲ್ಲಿರುವ ನಮ್ಮ ಕಡೆಯ ದಿನಸಿ ಅಂಗಡಿಯಲ್ಲಿ ಸಿಕ್ಕಿತು. ಮೈಸೂರಿನ ಒಬ್ಬರು ಅಮ್ಮ ಅಲ್ಲಿನ ಕರೋಲಿನು ಅಕ್ಕಿಯಲ್ಲಿ ಬಿಸಿಬೇಳೆಬಾತ್ ಮಾಡಿದರು. ದಪ್ಪ ಕಾಳು, ಸಾರು ಚೆನ್ನಾಗಿ ಹೀರುತ್ತದೆ. ನಮ್ಮ ಸೋನಾ ಮಸೂರಿಗಿಂತ ಚೆನ್ನಾಗಿ ಬಂತು ಅಂತ ಅವರೇ ಒಪ್ಪಿದರು. ಮೊಸರನ್ನಕ್ಕೂ ಅದೇ ಅಕ್ಕಿ. ಬಿಡಿಬಿಡಿ ಅನ್ನ ಬೇಕಾದರೆ ಅಗುಲ್ಯಾ ಅನ್ನೋ ಅಕ್ಕಿ ತನ್ನಿ. ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿಯಿರಿ ಅಂತ ನಾನು ಒತ್ತಿ ಹೇಳೋದು ಇದಕ್ಕೇ. ಸಸ್ಯಾಹಾರಿಗಳಿಗೆ ದಿನಕ್ಕೆ ಒಂದು ಹೊತ್ತು ಇಲ್ಲಿ ಪಕ್ಕಾ ಆದರೆ ಇನ್ನೊಂದು ಹೊತ್ತನ್ನು ಹೊರಗೆ ನಿಭಾಯಿಸಬಹುದು. ಕಾಲ್ದು ವೆರ್ದೆ ಸೊಪ್ಪಿನ ಸೂಪು ಅಂತ ನಂಬಿಸಿ ಕೊಡಿಸಬೇಡಿ. ಅದರಲ್ಲಿ ಹಂದಿ ಸಾಸೇಜಿನ ತುಂಡು ಇರುತ್ತದೆ, ಎಷ್ಟೋ ಕಡೆ ಅದನ್ನು ಸೂಪಿನಲ್ಲೇ ಬೇಯಿಸಿರುತ್ತಾರೆ. ಒಳಗೆ ಹೋಗಿ ಕೇಳಿ.

ಕರಾವಳಿಯವರಿಗೆ ಮಾಡಿದ ಪ್ರಯೋಗವೇ ಬೇರೆ. ಪೋರ್ಟೊದವರಿಗೆ ತ್ರಿಪೇಯ್ರು ಅಂತ ಅಡ್ಡಹೆಸರು, ಬೋಟಿ ತಿನ್ನುವವರು ಅಂತ. 1415ರಲ್ಲಿ ಉತ್ತರ ಆಫ್ರಿಕಾದ ಸೆವ್ಟಾ ಮೇಲಿನ ದಂಡಯಾತ್ರೆಗೆ ಹಡಗು ಹೊರಟಾಗ ಒಳ್ಳೇ ಮಾಂಸವನ್ನೆಲ್ಲ ಸೈನ್ಯಕ್ಕೆ ಕೊಟ್ಟು ಊರಿನವರು ಬೋಟಿ ಉಳಿಸಿಕೊಂಡರು ಅಂತ ಅಲ್ಲಿ ಕಥೆ ಹೇಳುತ್ತಾರೆ. ಬಿಳಿ ಬೀನ್ಸಿನ ಜೊತೆ ಗಂಟೆಗಟ್ಟಲೆ ಬೇಯಿಸಿದ ಆ ಬೋಟಿಯನ್ನು ಕೆಲವು ತಾಸ್ಕಾಗಳಲ್ಲಿ ವಾರಕ್ಕೆ ಒಂದೇ ದಿನ ಮಾಡುತ್ತಾರೆ. ಚೀಟಿ ನೋಡಿ ದಿನ ಗುರುತು ಹಾಕಿಕೊಳ್ಳಿ. ಕಾಳುಮೆಣಸಿನ ಪುಡಿ ಮನೆಯಿಂದ ಪೊಟ್ಟಣ ಕಟ್ಟಿ ತಂದಿದ್ದ ಬಂಟ್ವಾಳದ ಒಬ್ಬರು ಅದನ್ನು ಬಿಚ್ಚಲೇ ಇಲ್ಲ. ಎರಡು ಸಲ ಹಾಕಿಸಿಕೊಂಡರು.

ಮೀನಿಗೆ ಮಾತ್ರ ಮಾಟೊಸಿನ್ಯೊಸ್. ಬೊಂಫಿಂನಿಂದ ಮೆಟ್ರೋದಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪುತ್ತೀರಿ. ಬಂದರಿನ ಹತ್ತಿರ ಎರೋಯಿಸ್ ದ ಫ್ರಾನ್ಸಾ ಬೀದಿಯಲ್ಲಿ ಹೋಟೆಲಿನ ಹೊರಗೇ ಇದ್ದಿಲ ಒಲೆ. ಹರಳುಪ್ಪು ಹಾಕಿ ಸುಡುತ್ತಾರೆ, ಮಸಾಲೆ ಗಿಸಾಲೆ ಏನೂ ಇಲ್ಲ. ಬೂತಾಯಿ ತಿಂದು ಬೆಳೆದವರಿಗೆ ಅಲ್ಲಿನ ಸಾರ್ಡೀನ್ ಹೊಸದೇನಲ್ಲ ಅಂದುಕೊಂಡಿದ್ದೆವು. ಜೂನ್ ಜುಲೈನಲ್ಲಿ ಕೊಬ್ಬು ಕಟ್ಟಿದ ಸಾರ್ಡೀನನ್ನು ಬ್ರೋವಾ ಮೇಲಿಟ್ಟು ಕೈಯಲ್ಲಿ ತಿಂದ ಮೇಲೆ ಯಾರೂ ಮಾತಾಡಲಿಲ್ಲ. ಚಳಿಗಾಲದ ಗುಂಪಿಗೆ ಈ ಆಸೆ ಹುಟ್ಟಿಸಬೇಡಿ. ಆಗ ಸಿಗೋದು ಐಸಿನಲ್ಲಿಟ್ಟದ್ದು. ದೊಡ್ಡ ಮೀನಾದರೆ ಕಿಲೋ ಲೆಕ್ಕ, ಸುಡುವ ಮೊದಲೇ ತೂಕ, ರೇಟು ಎರಡನ್ನೂ ಬರೆಸಿಕೊಳ್ಳಿ. ಒಂದು ಕಡೆ ಕೇಳದೆ ಹೇಳಿದ ಒಂದು ಮೀನಿಗೆ 70 ಯೂರೋ ಮೇಲೆ ತೆತ್ತಿದ್ದೇವೆ. ಸೋಮವಾರ ಹೋಗಲೇಬೇಡಿ. ಭಾನುವಾರ ದೋಣಿ ಇಳಿದಿರೋದಿಲ್ಲ.

ಅಲ್ಲೇ ಉಳಿದರೆ ಹೇಗೆ ಅಂತ ಒಂದು ಗುಂಪನ್ನು ಎರಡು ರಾತ್ರಿ ಉಳಿಸಿಯೂ ನೋಡಿದೆ. ಮೀನಿನವರು ಖುಷಿಯಾಗಿದ್ದರು, ಸಸ್ಯಾಹಾರಿಗಳು ಬಾಳೆಹಣ್ಣಿನಲ್ಲಿ ದಿನ ದೂಡಿದರು.

ಈಗ ಲೆಕ್ಕ. ಬೊಂಫಿಂನಲ್ಲಿ ಮನೆ ಬಾಡಿಗೆ ತಲೆಗೆ ರಾತ್ರಿಗೆ 40 ಯೂರೋ ಒಳಗೆ ಬಂತು. ಊಟ, ತಿಂಡಿ, ಕಾಫಿ ಸೇರಿ ದಿನಕ್ಕೆ 35 ಯೂರೋ. ರಿಬೇಯ್ರಾದಲ್ಲಿ ಊಟದ್ದೇ 65 ಆಗಿತ್ತು. ಆರು ರಾತ್ರಿಗೆ ತಲೆಗೆ 300 ಯೂರೋ ಆಸುಪಾಸು ಉಳಿಯಿತು, ನಮ್ಮ ದುಡ್ಡಿನಲ್ಲಿ ಮೂವತ್ತು ಸಾವಿರದ ಹತ್ತಿರ. ಅದರಲ್ಲಿ ಅರ್ಧವನ್ನು ಗಾಯಾದ ವೈನ್ ರುಚಿ ನೋಡೋದಕ್ಕೆ, ಮಾಟೊಸಿನ್ಯೊಸ್‌ನ ದೊಡ್ಡ ಊಟಕ್ಕೆ ಹಾಕಿದೆ. ಉಳಿದದ್ದು ನನ್ನ ಲಾಭ. ಊರಿನ ಪ್ರವಾಸಿ ತೆರಿಗೆ ಈಗ ತಲೆಗೆ ರಾತ್ರಿಗೆ 3 ಯೂರೋ, ಅದನ್ನು ರೇಟಿನಲ್ಲಿ ಮೊದಲೇ ಸೇರಿಸಿ. ಕೊನೇ ದಿನ ಕೇಳಿದರೆ ಜನ ಮುಖ ಸಿಂಡರಿಸುತ್ತಾರೆ.

ನದಿ ಕಾಣಲ್ಲ ಅಂತ ದೂರಿದವರು ಇಲ್ಲಿವರೆಗೆ ಯಾರೂ ಇಲ್ಲ. ಸೇತುವೆಯ ಮೇಲಿನ ಅಂತಸ್ತಿನಲ್ಲಿ ಸಂಜೆ ನಡೆಸಿಕೊಂಡು ಹೋದರೆ ಬೇಕಾದಷ್ಟು ಫೋಟೋ ಸಿಗುತ್ತವೆ.

ಜೂನ್ 23ರ ರಾತ್ರಿ ಸಾವ್ ಜೊವಾವ್ ಹಬ್ಬ. ಊರಿಗೆ ಊರೇ ಬೀದಿಯಲ್ಲಿ ಸಾರ್ಡೀನ್ ಸುಡುತ್ತದೆ, ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಒಬ್ಬರ ತಲೆಗೊಬ್ಬರು ಕುಟ್ಟುತ್ತಾರೆ. ಆ ವಾರಕ್ಕೆ ಮನೆ ಬೇಕಾದರೆ ಜನವರಿಯಲ್ಲೇ ಹಿಡಿಯಿರಿ, ಬಾಡಿಗೆ ಹೆಚ್ಚು ಕಡಿಮೆ ಎರಡರಷ್ಟಾಗುತ್ತದೆ. ಮುಂದಿನ ಗುಂಪಿನ ಜೊತೆ ಇದೇ ಮಧ್ಯಾಹ್ನದ ಪರೀಕ್ಷೆಯನ್ನು ಬ್ರಾಗಾ ಅನ್ನೋ ಊರಿನಲ್ಲಿ ಮಾಡಬೇಕು ಅಂತಿದ್ದೇನೆ. ರೈಲು ಬೊಂಫಿಂ ಪಕ್ಕದ ಕಂಪಾನ್ಯಾ ಸ್ಟೇಷನ್ನಿನಿಂದಲೇ ಸಿಗುತ್ತದೆ, ಒಂದು ಗಂಟೆ ದಾರಿ. ಹನ್ನೆರಡೂವರೆಯೊಳಗೆ ಅಲ್ಲಿ ಇಳಿದಿರಬೇಕು.