ಹೊಸ ಅಡಿಕೆ ಹಳತಾಗುವಾಗ: ನಾವು ಆಬ್ಜೆಕ್ಟ್ ಕಲಿತ ಬಗೆ

ಬೋರ್ಡಿನ ಮೇಲೆ 'ಅಡಿಕೆ' ಎಂಬ ಕ್ಲಾಸ್, ಅದರ ಕೆಳಗೆ 'ಹೊಸಅಡಿಕೆ', 'ಹಳೆಅಡಿಕೆ', 'ಪಟೋರ', 'ಕರಿಗೋಟು' ಎಂಬ ನಾಲ್ಕು ದರ್ಜೆಗಳ ಮಕ್ಕಳ ಕ್ಲಾಸುಗಳು. ಪ್ರೋಗ್ರಾಮಿನಲ್ಲಿ ಕ್ಲಾಸ್ ಎಂದರೆ ಒಂದು ಬಗೆಯ ವಸ್ತುವಿನ ಅಚ್ಚು, ಆ ಅಚ್ಚಿನಿಂದ ಹುಟ್ಟಿದ ಒಂದೊಂದು ವಸ್ತುವೂ ಆಬ್ಜೆಕ್ಟ್. ಬಿಸಿಎ ಮಕ್ಕಳು ಈ ಚಿತ್ರ ಬಿಡಿಸಿದಾಗ, ಮೇಲಿನ ಕ್ಲಾಸಿನ ಗುಣ ಕೆಳಗಿನ ಕ್ಲಾಸುಗಳಿಗೆ ಇಳಿದುಬರುವ ಇನ್‌ಹೆರಿಟೆನ್ಸಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ ಅನ್ನಿಸಿ ನಾನೇ ಸರಿ ಹಾಕಿದ್ದೆ. ಅದು ತಪ್ಪೆಂದು ತೋರಿಸಿಕೊಟ್ಟವರು ಬದಿಯಡ್ಕ ಪೇಟೆಯ ಒಬ್ಬರು ಅಡಿಕೆ ವ್ಯಾಪಾರಿ.

ಕಾಸರಗೋಡಿನ ಕಾಲೇಜೊಂದರಲ್ಲಿ ನಾನು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠ ಮಾಡುತ್ತೇನೆ. ತರಗತಿಯಲ್ಲಿ ಮೂರು ಮನೆಮಾತು. ಅಡಿಕೆ ಒಬ್ಬನಿಗೆ ಅಡಿಕೆ, ಪಕ್ಕದವಳಿಗೆ ಮಲಯಾಳದ ಅಡಕ್ಕ, ಹಿಂದಿನ ಬೆಂಚಿನವನಿಗೆ ತುಳುವಿನ ಬಜ್ಜೆಯಿ. ಪಠ್ಯಪುಸ್ತಕದ ನಾಯಿ, ಬೆಕ್ಕು, ವೃತ್ತ, ಚೌಕಗಳ ಉದಾಹರಣೆಗಳನ್ನು ಎಲ್ಲರೂ ಬಾಯಿಪಾಠ ಮಾಡುತ್ತಿದ್ದರು. ಪರೀಕ್ಷೆಯಲ್ಲಿ ಎನ್‌ಕ್ಯಾಪ್ಸುಲೇಶನ್ (ಆಬ್ಜೆಕ್ಟಿನ ಒಳಗಿನ ಮಾಹಿತಿಯನ್ನು ಹೊರಗಿನವರು ಮುಟ್ಟದಂತೆ ಕಾಯುವುದು) ಎಂದರೇನು ಎಂದು ಕೇಳಿದರೆ ನಾಲ್ಕು ಸಾಲು ಬರೆಯುತ್ತಿದ್ದರು, ಪ್ರಾಜೆಕ್ಟ್ ಕೊಟ್ಟರೆ ಇಡೀ ಪ್ರೋಗ್ರಾಮನ್ನು ಅದು ಶುರುವಾಗುವ 'ಮೇನ್' ಎಂಬ ಒಂದೇ ಭಾಗದೊಳಗೆ ತುಂಬಿಸುತ್ತಿದ್ದರು. ಹಾಗಾಗಿ ಒಂದು ವರ್ಷ ಪುಸ್ತಕ ಬದಿಗಿಟ್ಟು ಅವರನ್ನು ಆ ವ್ಯಾಪಾರಿಯ ಅಂಗಡಿಗೆ ಕರೆದುಕೊಂಡು ಹೋದೆ. ಅಡಿಕೆ ಖರೀದಿಯ ಚೀಟಿ ಬರೆಯುವ ಪ್ರೋಗ್ರಾಮ್ ಮಾಡುವುದೇ ಆ ಸೆಮಿಸ್ಟರಿನ ಕೆಲಸ.

ಮೊದಲ ಎರಡು ವಾರ ಪ್ರೋಗ್ರಾಮಿನ ಕ್ಲಾಸುಗಳ ಹೆಸರುಗಳನ್ನೆಲ್ಲ ಕನ್ನಡದಲ್ಲೇ ಇಡಿಸಿದೆ. ಜಾವಾದಲ್ಲಿ ಹೆಸರಿಗೆ ಯುನಿಕೋಡ್‌ನ ಯಾವ ಲಿಪಿಯ ಅಕ್ಷರವೂ ಆಗುತ್ತದೆ. 'ಕ್ಲಾಸ್' ಎಂಬ ಕೀವರ್ಡ್ ಇಂಗ್ಲಿಷಿನಲ್ಲೇ ಇರಬೇಕು, ಅದರ ಮುಂದೆ 'ಚೀಟಿ' ಎಂದು ಕನ್ನಡದಲ್ಲಿ ಬರೆದರೆ ಅದನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸುವ ಕಂಪೈಲರಿಗೆ ತಕರಾರಿಲ್ಲ. ಲ್ಯಾಬಿನ ಹಳೆಯ ವಿಂಡೋಸ್ ಕಂಪ್ಯೂಟರುಗಳಲ್ಲಿ ಮಾತ್ರ ಫೈಲಿನ ಅಕ್ಷರಗಳು ಯುಟಿಎಫ್-8 ಎಂಬ ಯುನಿಕೋಡ್ ಕ್ರಮದಲ್ಲಿವೆ ಎಂದು ಹೇಳಿಯೇ ಕಂಪೈಲ್ ಮಾಡಬೇಕಾಯಿತು. ಜಾವಾ 18ರಿಂದ ಈಚೆಗೆ ಅದೇ ಡೀಫಾಲ್ಟ್, ಆ ತೊಂದರೆ ಇಲ್ಲ. ಒಂದು ಗುಂಪು 'ಅಡಿಕೆ' ಎಂದೂ ಇನ್ನೊಂದು ಮಲಯಾಳ ಲಿಪಿಯಲ್ಲಿ 'ಅಡಕ್ಕ' ಎಂದೂ ಬರೆದು, ಎರಡನ್ನೂ ಸೇರಿಸುವ ದಿನ ಏನೂ ಹೊಂದಲಿಲ್ಲ. ಒಂದು ವಸ್ತುವಿಗೆ ಇಡೀ ತಂಡದಲ್ಲಿ ಒಂದೇ ಹೆಸರಿರಬೇಕು ಎಂಬುದನ್ನು ನಾನು ಪ್ರತ್ಯೇಕವಾಗಿ ಕಲಿಸಬೇಕಾಗಲಿಲ್ಲ.

ಇನ್ನು ಆ ಚಿತ್ರ. ವ್ಯಾಪಾರಿಯವರಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಟೀಚರೇ, ಈ ಹೊಸ ಅಡಿಕೆ ಗೋಡೌನಿನಲ್ಲಿ ಕೂತು ಹಳತಾದ್ರೆ ಏನ್ ಮಾಡ್ತೀರಿ?"

ಜಾವಾದಲ್ಲಿ ಒಂದು ಆಬ್ಜೆಕ್ಟ್ ಹುಟ್ಟಿದ ಮೇಲೆ ಅದರ ಕ್ಲಾಸ್ ಬದಲಾಗುವುದಿಲ್ಲ. 'ಹೊಸಅಡಿಕೆ'ಯಾಗಿ ಹುಟ್ಟಿದ್ದು ಕೊನೆಯವರೆಗೂ 'ಹೊಸಅಡಿಕೆ'ಯೇ. ಅಂಗಡಿಯಲ್ಲಿ ಹಾಗಲ್ಲ. ಅದೇ ಗೋಣಿ, ಅದೇ ಅಡಿಕೆ, ಮುಂದಿನ ವರ್ಷ ಹಳತು ಎಂದಾಗಿ ಬೇರೆ ದರಕ್ಕೆ ಹೋಗುತ್ತದೆ. ನಮ್ಮ ಪ್ರೋಗ್ರಾಮಿನಲ್ಲಿ ಇದನ್ನು ಮಾಡಬೇಕಾದರೆ ಹಳೆಯ ಆಬ್ಜೆಕ್ಟನ್ನು ಬಿಸಾಡಿ ಹೊಸದೊಂದನ್ನು ಹುಟ್ಟಿಸಬೇಕು. ಆಗ ಗೋಣಿ ಯಾರ ತೋಟದಿಂದ ಬಂತು, ಯಾವ ದಿನ ಬಂತು ಎಂಬ ಎಳೆ ಅಲ್ಲೇ ಕಡಿದುಹೋಗುತ್ತದೆ. ಮಕ್ಕಳಿಗೆ ನಾನು ಯಕ್ಷಗಾನದ ಚೌಕಿ ನೆನಪಿಸಿದೆ: ರಾತ್ರಿಯ ಮೊದಲ ಭಾಗದಲ್ಲಿ ಒಂದು ವೇಷ ಮಾಡಿದ ಕಲಾವಿದರೇ ಬೆಳಗಿನ ಜಾವ ಇನ್ನೊಂದು ವೇಷ ಕಟ್ಟಿಕೊಂಡು ಬರುತ್ತಾರೆ. ವೇಷ ಬದಲಾಯಿತು, ಆಳು ಬದಲಾಗಲಿಲ್ಲ. ಹಾಗೆ ನಾಲ್ಕು ಮಕ್ಕಳ ಕ್ಲಾಸುಗಳನ್ನು ಅಳಿಸಿದೆವು. ಅವುಗಳ ಜಾಗದಲ್ಲಿ 'ಗೋಣಿ' ಎಂಬ ಒಂದೇ ಕ್ಲಾಸ್ ಬಂತು, ಅದರೊಳಗೆ ಅಡಿಕೆಯ ದರ್ಜೆ ಹೇಳುವ, ಬದಲಾಗಬಲ್ಲ ಒಂದು 'ತರ'. ಆಬ್ಜೆಕ್ಟ್ ಓರಿಯೆಂಟೆಡ್ ಎಂದರೆ ಮೊದಲು ಇನ್‌ಹೆರಿಟೆನ್ಸ್ ಎಂದು ಕಲಿಸುವ ಕ್ರಮವನ್ನು ನಾನು ಅಂದೇ ಬಿಟ್ಟೆ. ಈಗ ಅದು ನನ್ನ ಕ್ಲಾಸಿನಲ್ಲಿ ಕೊನೆಯ ಪಾಠ.

ಈ ವಿದ್ಯೆಯ ಮೂಲವೂ ಕೆಲಸದ ಜಾಗದ್ದೇ. ನಾರ್ವೆಯ ಓಸ್ಲೋದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯುಗಾರ್ಡ್ 1960ರ ದಶಕದಲ್ಲಿ ಸಿಮ್ಯುಲಾ ಭಾಷೆ ಕಟ್ಟಿದ್ದು ನಿಜವಾದ ವ್ಯವಸ್ಥೆಗಳು, ಅವುಗಳ ಸರತಿ ಸಾಲುಗಳು ಹೇಗೆ ನಡೆಯುತ್ತವೆ ಎಂದು ಕಂಪ್ಯೂಟರಿನಲ್ಲಿ ನಡೆಸಿ ನೋಡಲಿಕ್ಕೆ. ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್ ಎಲ್ಲ ಸಿಮ್ಯುಲಾ 67ರಲ್ಲೇ ಇದ್ದವು. ಅಂಗಡಿಗೆ ಹೋಗಿ ನೋಡಿ ಬರೆಯುವುದು ನನ್ನ ಹೊಸ ಉಪಾಯವೇನಲ್ಲ.

ಹಳತಾಗುವ ಅಡಿಕೆಯ ಪ್ರಶ್ನೆಗಿಂತ ದೊಡ್ಡ ಪೆಟ್ಟು ಒಂದು ತಿಂಗಳ ಮೇಲೆ ಬಿತ್ತು. ದರ ಏರಿದ ದಿನ ವ್ಯಾಪಾರಿಯವರು ಪ್ರೋಗ್ರಾಮಿನಲ್ಲಿ ಹೊಸ ದರ ಹಾಕಿದರು. ಹಿಂದಿನ ವಾರದ ಚೀಟಿ ತೆರೆದರೆ ಅದರ ಮೊತ್ತವೂ ಏರಿತ್ತು. "ಹಣ ಕೊಟ್ಟಾದ ಚೀಟಿ ಬದಲಾದ್ರೆ ನನ್ನನ್ನು ಯಾರು ನಂಬ್ತಾರೆ?" ಎಂದರು. ಅವರ ದನಿಯಲ್ಲಿ ಕೋಪಕ್ಕಿಂತ ಹೆಚ್ಚು ಹೆದರಿಕೆ ಇತ್ತು.

ಕಾರಣ ಹುಡುಕಲು ನಮಗೆ ಎರಡು ಲ್ಯಾಬ್ ಅವಧಿ ಬೇಕಾಯಿತು. ಚೀಟಿಯ ಪ್ರತಿ ಸಾಲೂ ದರದ ಅಂಕಿಯನ್ನು ತನ್ನೊಳಗೆ ಬರೆದುಕೊಂಡಿರಲಿಲ್ಲ, 'ದರ' ಎಂಬ ಆಬ್ಜೆಕ್ಟಿನ ಕಡೆಗೆ ಬೆರಳು ತೋರಿಸುತ್ತಿತ್ತು ಅಷ್ಟೆ. ಎಲ್ಲ ಚೀಟಿಗಳ ಬೆರಳೂ ಒಂದೇ ಆಬ್ಜೆಕ್ಟಿನ ಕಡೆಗೆ. ಅದರೊಳಗಿನ ಅಂಕಿ ತಿದ್ದಿದ ಕೂಡಲೇ ಎಲ್ಲ ಚೀಟಿಗಳೂ ಹೊಸ ಅಂಕಿ ಓದಿದವು. ತಿದ್ದಲು ದಾರಿ ಕೊಟ್ಟದ್ದು ನಾನೇ ಕಲಿಸಿದ ಪದ್ಧತಿ: ಎಲ್ಲ ಫೀಲ್ಡನ್ನೂ (ಆಬ್ಜೆಕ್ಟಿನೊಳಗಿನ ಮಾಹಿತಿಯ ಖಾನೆ) ಹೊರಗಿನಿಂದ ಮುಟ್ಟದಂತೆ ಪ್ರೈವೇಟ್ ಮಾಡು, ಪ್ರತಿಯೊಂದಕ್ಕೂ ಓದಲು ಒಂದು ಗೆಟ್ಟರ್, ತಿದ್ದಲು ಒಂದು ಸೆಟ್ಟರ್ ಬರೆ. ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಊರಿಗೆಲ್ಲ ಹಂಚಿದರೆ ಎನ್‌ಕ್ಯಾಪ್ಸುಲೇಶನ್ ಎಲ್ಲಿ ಉಳಿಯಿತು? ಚೀಟಿ ಬರೆಯುವ ಕ್ಷಣದ ದರವನ್ನು ಸಾಲಿನೊಳಗೇ ನಕಲು ಮಾಡಿದೆವು, ಆ ಫೀಲ್ಡನ್ನು ಮತ್ತೆ ಬದಲಾಗದಂತೆ 'ಫೈನಲ್' ಮಾಡಿ ಸೆಟ್ಟರನ್ನು ತೆಗೆದೆವು. ಕಾಗದದ ಚೀಟಿಯಲ್ಲಿ ಪೆನ್ನಿನಿಂದ ಬರೆದದ್ದು ಹೇಗೋ ಹಾಗೆ. ಅದೇ ವಾರ ಹಣವನ್ನು ದಶಮಾಂಶ ಅಂಕಿಗಳಿಗಿರುವ 'ಡಬಲ್'ನಲ್ಲಿ ಇಡುವುದನ್ನೂ ನಿಲ್ಲಿಸಿ ಪೈಸೆಯ ಪೂರ್ಣಾಂಕಕ್ಕೆ ಬಂದೆವು. 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವ ಲೆಕ್ಕ ಅಂಗಡಿಗೆ ಆಗದು.

ಮತ್ತೆ ಇಂಥದ್ದು ಆಗದಿರಲು ಅವರಿಂದ ನಲವತ್ತು ಹಳೆಯ ಕಾಗದದ ಚೀಟಿ ಕೇಳಿ ತಂದೆವು. ಅಡಿಕೆ ತಂದವರ ಹೆಸರನ್ನು ಮುಚ್ಚಿ, ತೂಕ, ದರ, ಮೊತ್ತ ಮಾತ್ರ ಜೆಯುನಿಟ್ ಟೆಸ್ಟುಗಳಾಗಿ, ಅಂದರೆ ಪ್ರೋಗ್ರಾಮಿನ ಉತ್ತರ ಸರಿಯೇ ಎಂದು ತಾನಾಗಿ ನೋಡುವ ಪರೀಕ್ಷೆಗಳಾಗಿ ಬರೆದೆವು. ಹೆಚ್ಚಿನವು ಹೊಂದಲೇ ಇಲ್ಲ, ನಮ್ಮ ಮೊತ್ತ ಪ್ರತಿಸಲವೂ ಸ್ವಲ್ಪ ಜಾಸ್ತಿ. ಕೇಳಿದಾಗ ಅವರಿಗೇ ಆಶ್ಚರ್ಯ: "ಗೋಣಿಯ ತೂಕ ಕಳೀಬೇಡ್ವಾ?" ಅಷ್ಟು ದಿನ ಕೂತು ಮಾತಾಡಿದ್ದರೂ ಆ ಮಾತು ಬಂದಿರಲಿಲ್ಲ. ದಿನವೂ ಮಾಡುವ ಕೆಲಸವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನೇಟೋ ಸಮ್ಮೇಳನ ಸೇರಿ 'ಸಾಫ್ಟ್‌ವೇರ್ ಇಂಜಿನಿಯರಿಂಗ್' ಎಂಬ ಹೆಸರಿನಡಿ ಚರ್ಚಿಸಿದ ಕಷ್ಟಗಳ ಪಟ್ಟಿಯನ್ನು ನಾನು ಹಿಂದೆ ನೋಟ್ಸ್ ಆಗಿ ಬರೆಸುತ್ತಿದ್ದೆ. ಈಗ ಮೊದಲು ಚೀಟಿಯ ಕಟ್ಟು ಕೊಡುತ್ತೇನೆ, ಚರಿತ್ರೆ ಆಮೇಲೆ.

ಕೋಡಿನ ಪ್ರತಿ ಬದಲಾವಣೆಯನ್ನೂ ಕಾದಿಡುವ ಗಿಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆನ್‌ಡ್ರೈವಿನಲ್ಲಿ 'ಫೈನಲ್', 'ಹೊಸ ಫೈನಲ್' ಎಂಬ ಫೋಲ್ಡರುಗಳು ತುಂಬಿದ ಮೇಲೆ ಮಕ್ಕಳೇ ಕೇಳಿ ಕಲಿತರು.

ಸೆಮಿಸ್ಟರಿನ ಕೊನೆಗೆ ಒಬ್ಬಳು ಹುಡುಗಿ ಗೋಣಿಯ 'ತರ' ತಾನಾಗಿ ಬದಲಾಗುವಂತೆ ಬರೆದು ತಂದಳು. ಖರೀದಿಯ ದಿನದಿಂದ ಇಷ್ಟು ತಿಂಗಳು ದಾಟಿದರೆ ಹಳತು, ಲೆಕ್ಕ ಚೊಕ್ಕ. ಒಪ್ಪಿಗೆ ಕೇಳಲು ನಾವಿಬ್ಬರೂ ಅಂಗಡಿಗೆ ಹೋದೆವು. ವ್ಯಾಪಾರಿಯವರು ಗೋಣಿಯಿಂದ ನಾಲ್ಕು ಅಡಿಕೆ ತೆಗೆದು ಒಂದೊಂದನ್ನೇ ಕತ್ತರಿಸಿ ಒಳಗಿನ ಬಣ್ಣವನ್ನು ಅವಳಿಗೆ ತೋರಿಸಿದರು. "ಮಗಾ, ತಾರೀಕು ನೋಡಿ ಹೇಳುದಲ್ಲ ಇದು, ಕಣ್ಣಿಂದ ನೋಡಿ ಹೇಳುದು."

ಅವಳು ಮರುದಿನ ತಿಂಗಳ ಲೆಕ್ಕ ಹಾಕುವ ಆ ಮೆಥಡನ್ನು ಅಳಿಸಿದಳು. ಬದಲಿಗೆ ಬರೆದದ್ದು ಮೂರೇ ಸಾಲು: ಹೊಸ ತರ ಯಾವುದು, ಯಾರು ನೋಡಿ ಹೇಳಿದರು, ಯಾವ ದಿನ ಹೇಳಿದರು.