ಸಂಬಳ ಬಂದ ದಿನ ಯಾರಿಗೆ ಮೊದಲು? ಸತ್ಯವೇದದಂತೆ ಮನೆಯ ಹಣ ನಡೆಸುವ ಕ್ರಮ

ಹಣದ ವಿಷಯದಲ್ಲಿ ಸತ್ಯವೇದ (ಬೈಬಲ್) ಒಂದೊಂದನ್ನೂ ಬಿಡಿಸಿ ಮಾತಾಡುತ್ತದೆ. ಕೂಲಿಯನ್ನು ಎಷ್ಟು ಹೊತ್ತಿನೊಳಗೆ ಕೊಡಬೇಕು, ಏನನ್ನು ಅಡವು ಇಟ್ಟುಕೊಳ್ಳಬಾರದು, ಜಾಮೀನಿಗೆ ಸಿಕ್ಕಿಬಿದ್ದವನು ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿದೆ. ಆದರೂ ಬಹಳ ಮನೆಗಳಲ್ಲಿ ಅದೆಲ್ಲ ದಶಮಾಂಶದ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು ದೇವರಿಗೆ ಎಂಬ, ಒಂದು ವಾಕ್ಯಕ್ಕೆ ಬಂದು ನಿಂತಿದೆ. ಉಳಿದ ಒಂಬತ್ತು ಪಾಲು ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಎಷ್ಟು ಕೊಟ್ಟಿರಿ ಎಂಬುದಕ್ಕಿಂತ ಯಾರಿಗೆ ಮೊದಲು ಕೊಟ್ಟಿರಿ ಎಂಬುದು ಮುಖ್ಯ ಎಂದುಕೊಂಡೇ ಈ ಕ್ರಮವನ್ನು ಬರೆದಿದ್ದೇವೆ. ತಿಂಗಳಿಗೆ ₹30,000 ಕೈಗೆ ಬರುವ ಮನೆಯನ್ನು ಲೆಕ್ಕಕ್ಕೆ ಹಿಡಿದಿದ್ದೇವೆ. ನಿಮ್ಮ ಆದಾಯಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಬೇಕಾದದ್ದು ಒಂದು ನೋಟ್‌ಬುಕ್, ಮೂರು ಕವರ್, ಮುಕ್ಕಾಲು ಗಂಟೆ ಸಮಯ. ಗಂಡ ಹೆಂಡತಿ ಇಬ್ಬರೂ ಕೂರಬೇಕು. ಒಬ್ಬರೇ ಲೆಕ್ಕ ಇಟ್ಟ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲದ ಸಾಲ ಒಂದಲ್ಲ ಒಂದು ದಿನ ಹೊರಬರುತ್ತದೆ.

ಕೂಲಿ, ಕಾಣಿಕೆಗಿಂತ ಮೊದಲು

ಮೊದಲ ಪುಟದಲ್ಲಿ ನಿಮಗಾಗಿ ದುಡಿದವರ ಹೆಸರು ಬರೆಯಿರಿ: ಮನೆಗೆಲಸದವರು, ಹಾಲಿನವರು, ಪೇಪರ್ ಹಾಕುವ ಹುಡುಗ, ಹಿಂದಿನ ವಾರ ನಲ್ಲಿ ರಿಪೇರಿ ಮಾಡಿ ಹೋದವರು, ತೋಟಕ್ಕೆ ಬಂದ ಆಳುಗಳು. ಅವರ ಮುಂದೆ ಅಂಗಡಿಯ ಉದ್ರಿಯನ್ನೂ ಬರೆಯಿರಿ. ಇದು ನಿಮ್ಮ ಹಣವಲ್ಲ, ನಿಮ್ಮ ಖಾತೆಯಲ್ಲಿ ಕೂತಿರುವ ಅವರ ಹಣ. ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂದು ಧರ್ಮೋಪದೇಶಕಾಂಡ 24:14-15 ಹೇಳುತ್ತದೆ. ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಎಂದು ಯಾಕೋಬ 5:4 ಎಚ್ಚರಿಸುತ್ತದೆ. ಇನ್ನೊಬ್ಬರ ಕೂಲಿಯನ್ನು ಜೇಬಿನಲ್ಲಿಟ್ಟುಕೊಂಡು ಹಾಕಿದ ಕಾಣಿಕೆ ನಿಮ್ಮದಾಗುವುದಾದರೂ ಹೇಗೆ?

ಇಲ್ಲಿ ಕೆಡುವುದು ಹೆಚ್ಚಾಗಿ ದುರಾಸೆಯಿಂದಲ್ಲ, ಚಿಲ್ಲರೆ ಇಲ್ಲದ್ದರಿಂದ. ಸಂಜೆ ಆರಕ್ಕೆ ಗಾರೆ ಕೆಲಸದವರು ಕೈ ತೊಳೆದು ನಿಂತಿರುತ್ತಾರೆ, ನಿಮ್ಮ ಕೈಯಲ್ಲಿ ಐನೂರರ ನೋಟುಗಳೇ. 'ನಾಳೆ ಒಟ್ಟಿಗೆ ಕೊಡ್ತೀನಿ' ಅನ್ನುತ್ತೀರಿ. ಅವರು ಆ ದುಡ್ಡಿನಲ್ಲೇ ದಾರಿಯಲ್ಲಿ ಅಕ್ಕಿ ಕೊಂಡು ಹೋಗಬೇಕಿತ್ತು. ಕೈಯಲ್ಲಿದ್ದೂ ನೆರೆಯವನಿಗೆ 'ನಾಳೆ ಬಾ' ಅನ್ನಬೇಡ ಎಂದು ಜ್ಞಾನೋಕ್ತಿ 3:28 ಹೇಳುವುದು ಇಂಥದ್ದಕ್ಕೇ. ಕೆಲಸ ಶುರುವಾಗುವ ದಿನವೇ ನೂರು, ಐವತ್ತರ ನೋಟುಗಳನ್ನು ತಂದಿಡಿ. ಆಳುಗಳಿಗೆ ಫೋನ್‌ಪೇ ಇದ್ದರೂ ಒಂದು ಮಾತು ಕೇಳಿ: ನಂಬರ್ ಅವರದೋ ಮೇಸ್ತ್ರಿಯದೋ? ಮೇಸ್ತ್ರಿಗೆ ಕಳಿಸಿದರೆ ಆಳಿನ ಕೈ ಸೇರಿತೇ ಎಂದು ವಿಚಾರಿಸುವುದೂ ನಿಮ್ಮ ಕೆಲಸವೇ.

ಮನೆಗೆಲಸದವರಿಗೆ ತಿಂಗಳ 1ನೇ ತಾರೀಕಿಗೆ ಕೊಡಿ. ನಿಮ್ಮ ಸಂಬಳ 5ಕ್ಕೆ ಬರುವುದಾದರೆ ಹಿಂದಿನ ತಿಂಗಳೇ ಆ ಮೊತ್ತವನ್ನು ಮೊದಲ ಕವರಿನಲ್ಲಿ ಎತ್ತಿಡಿ. ತಿಂಗಳಿಗೆ ಎಷ್ಟು ರಜೆ, ಕ್ರಿಸ್‌ಮಸ್‌ಗೆ ಏನು, ನೀವೇ ಊರಿಗೆ ಹೋದ ದಿನಗಳಿಗೆ ಸಂಬಳ ಉಂಟೋ ಇಲ್ಲವೋ ಎಂಬುದನ್ನು ಸೇರಿಸಿಕೊಳ್ಳುವ ದಿನವೇ ಮಾತಾಡಿ. ನೀವಾಗಿ ಬಾಗಿಲು ಹಾಕಿ ಹೋದ ದಿನಗಳಿಗೆ ಸಂಬಳ ಮುರಿಯುವುದು ನ್ಯಾಯವಲ್ಲ.

ಕಾಣಿಕೆ ಮತ್ತು ಹತ್ತರ ಪಾಲು

ಎರಡನೆಯದು ಕಾಣಿಕೆಯ ಕವರ್. ವಾರದ ಮೊದಲ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ಗಂಟು ಮಾಡಿಡಲಿ ಎಂದು ಪೌಲನು ಕೊರಿಂಥದ ಸಭೆಗೆ ಬರೆದ (1 ಕೊರಿಂಥ 16:2). ಅಂದರೆ ಮೊದಲೇ ಬೇರೆ ಇಡಬೇಕು. ಭಾನುವಾರ ಚೀಲ ಹತ್ತಿರ ಬಂದಾಗ ಜೇಬು ತಡಕಾಡಿದರೆ ಸಿಗುವುದು ಮಡಚಿದ ಹತ್ತು ರೂಪಾಯಿ.

ಹತ್ತರಲ್ಲೊಂದು ಹೊಸ ಒಡಂಬಡಿಕೆಯಲ್ಲಿಯೂ ಕಟ್ಟಳೆಯೇ ಎಂಬ ವಿಚಾರದಲ್ಲಿ ಸಭೆಗಳಲ್ಲಿ ಒಮ್ಮತವಿಲ್ಲ. ನಮ್ಮ ಸಲಹೆ ಇಷ್ಟು: ಅದನ್ನು ಆರಂಭದ ಗೆರೆಯಾಗಿ ಹಿಡಿಯಿರಿ. ₹30,000ಕ್ಕೆ ₹3,000. ಸಂಬಳದವರು ಪಿ.ಎಫ್. ಕಡಿತಕ್ಕೆ ಮುಂಚಿನ ಮೊತ್ತಕ್ಕೋ ಕೈಗೆ ಬಂದದ್ದಕ್ಕೋ ಎಂದು ಒಮ್ಮೆ ನಿರ್ಧರಿಸಿ ನೋಟ್‌ಬುಕ್ಕಿನಲ್ಲಿ ಬರೆದುಬಿಡಿ. ತಿಂಗಳಿಗೊಮ್ಮೆ ಆ ಚರ್ಚೆ ಬೇಡ. ಅಂಗಡಿಯವರು ವ್ಯಾಪಾರದ ಮೇಲೆ ಲೆಕ್ಕ ಹಾಕಬಾರದು, ಲಾಭದ ಮೇಲೆ ಹಾಕಬೇಕು. ದಿನಕ್ಕೆ ₹8,000 ವ್ಯಾಪಾರವಾಗಿ ₹800 ಉಳಿದರೆ ಕಾಣಿಕೆ ₹80. ₹800 ಕೊಟ್ಟರೆ ಮನೆಗೆ ಏನೂ ಉಳಿಯದೆ, ಸಾಮಾನು ತಂದ ಹೋಲ್‌ಸೇಲಿನವನಿಗೆ ಬಾಕಿ ಬೀಳುತ್ತದೆ. ಅಡಿಕೆ, ಕಾಫಿ ಬೆಳೆಗಾರರು ಗೊಬ್ಬರ, ಔಷಧಿ, ಕೂಲಿ ಕಳೆದು ಉಳಿದದ್ದಕ್ಕೆ ಹಾಕಿಕೊಳ್ಳಿ.

ಸಾಲ ಮಾಡಿ ಕಾಣಿಕೆ ಕೊಡಬೇಡಿ. ಇರುವುದಕ್ಕೆ ತಕ್ಕಂತೆ ಕೊಟ್ಟರೆ ಅದು ಮೆಚ್ಚಿಕೆ, ಇಲ್ಲದ್ದಕ್ಕೆ ತಕ್ಕಂತೆ ಅಲ್ಲ ಎಂದು 2 ಕೊರಿಂಥ 8:12ರಲ್ಲಿ ನೇರವಾಗಿಯೇ ಇದೆ. 'ಒಂದು ಬಿತ್ತಿ, ನೂರು ಬರುತ್ತದೆ' ಎಂದು ಮಲಾಕಿಯ 3:10 ಓದಿ ಕಷ್ಟದಲ್ಲಿರುವವರಿಂದ ಹಣ ಕೇಳುವವರಿದ್ದಾರೆ. ತನಗಿದ್ದದ್ದನ್ನೆಲ್ಲ ಕಾಣಿಕೆ ಹಾಕಿದ ಬಡ ವಿಧವೆಯ ಎರಡು ಕಾಸನ್ನೂ ಹಾಗೆಯೇ ಎತ್ತಿ ತೋರಿಸುತ್ತಾರೆ. ಮಾರ್ಕ 12ರಲ್ಲಿ ಆ ಕಾಸಿನ ಕಥೆಗೆ ಸ್ವಲ್ಪ ಮೇಲೆ, 40ನೇ ವಚನದಲ್ಲಿ, ವಿಧವೆಯರ ಮನೆಗಳನ್ನು ನುಂಗುವವರ ಬಗ್ಗೆ ಯೇಸು ಏನು ಹೇಳಿದನೆಂದು ಓದಿ. ಎರಡನ್ನೂ ಒಟ್ಟಿಗೇ ಓದಬೇಕು.

ಸಭೆಯ ಸುಗ್ಗಿ ಹಬ್ಬದಲ್ಲಿ ನಡೆಯುವ ಹರಾಜಿನದು ಇನ್ನೊಂದು ತೊಂದರೆ. ಕುಂಬಳಕಾಯಿ, ಬಾಳೆಗೊನೆ, ಹುಂಜಕ್ಕೆ ಉತ್ಸಾಹದಲ್ಲಿ ಸಾವಿರ, ಎರಡು ಸಾವಿರ ಕೂಗಿಬಿಡುತ್ತಾರೆ. ಆಮೇಲೆ ಆ ಬಾಕಿ ಸಭೆಯ ಪುಸ್ತಕದಲ್ಲಿ ಈಸ್ಟರ್‌ವರೆಗೂ ಉಳಿಯುತ್ತದೆ. ಹರಕೆ ಮಾಡಿ ತಡಮಾಡುವುದಕ್ಕಿಂತ ಹರಕೆ ಮಾಡದಿರುವುದೇ ಲೇಸು ಎಂದು ಪ್ರಸಂಗಿ 5:4-5 ಹೇಳುತ್ತದೆ. ಕೈಯಲ್ಲಿ ಎಷ್ಟಿದೆಯೋ ಅಷ್ಟಕ್ಕೇ ಕೂಗಿ, ಅಲ್ಲೇ ಕಟ್ಟಿ, ರಸೀದಿ ತೆಗೆದುಕೊಳ್ಳಿ. ರಸೀದಿ ಕೇಳುವುದು ಅಪನಂಬಿಕೆಯಲ್ಲ. ಪೌಲನೇ ಯೆರೂಸಲೇಮಿನ ಕಾಣಿಕೆಯನ್ನು ಒಬ್ಬನ ಕೈಯಲ್ಲಿ ಕಳಿಸದೆ, ಮನುಷ್ಯರ ಮುಂದೆಯೂ ಲೆಕ್ಕ ಸರಿಯಾಗಿ ಕಾಣಲಿ ಎಂದು ಜೊತೆಗೆ ಸಹೋದರರನ್ನು ನೇಮಿಸಿದ (2 ಕೊರಿಂಥ 8:18-21). ನಿಮ್ಮ ಸಭೆಯಲ್ಲಿ ಕಾಣಿಕೆ ಎಣಿಸುವಾಗ ಇಬ್ಬರಾದರೂ ಇರಲಿ ಎಂದು ಕೇಳುವುದಕ್ಕೆ ಇದೇ ಆಧಾರ.

ಹತ್ತರ ಪಾಲೆಲ್ಲ ಗುಡಿಯ ಸೇವೆಗೇ ಹೋಗಬೇಕೆಂದೂ ಇಲ್ಲ. ಮೂರು ವರ್ಷಕ್ಕೊಮ್ಮೆ ಅದು ಊರಿನ ಪರದೇಶಿ, ಅನಾಥ, ವಿಧವೆ, ಗುಡಿಯ ಸೇವೆಯವರಾದ ಲೇವಿಯರ ಊಟಕ್ಕೆ ಸೇರಬೇಕೆಂದು ಧರ್ಮೋಪದೇಶಕಾಂಡ 14:28-29 ಹೇಳುತ್ತದೆ. ಅದನ್ನು ತಿಂಗಳಿಗೆ ಇಳಿಸಿದರೆ ₹2,000 ಸಭೆಗೆ, ₹1,000 ಬಡವರಿಗೆ ಎಂದಾಗುತ್ತದೆ. ನಗದು ಕಷ್ಟವಿದ್ದ ಮನೆಯಲ್ಲಿ ಹಿಡಿ ಅಕ್ಕಿ ಎತ್ತಿಡಬಹುದು. ಮಿಜೋರಾಮಿನ ಹೆಣ್ಣುಮಕ್ಕಳು 1910ರಲ್ಲಿ ಶುರುಮಾಡಿದ ಈ ಪದ್ಧತಿ ಅಲ್ಲಿ ಇಂದಿಗೂ ನಡೆಯುತ್ತಿದೆ. ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮೊದಲು, ಒಂದು ಹಿಡಿ ಬೇರೆ ಡಬ್ಬಿಗೆ ಹಾಕಿ. ಒಂದು ಹಿಡಿ ಸುಮಾರು 40ರಿಂದ 50 ಗ್ರಾಂ. ಎರಡು ಹೊತ್ತಿನಂತೆ ತಿಂಗಳಿಗೆ ಎರಡೂವರೆ, ಮೂರು ಕೆ.ಜಿ. ಆಗುತ್ತದೆ. ಡಬ್ಬಿ ಒಣಗಿರಬೇಕು, ನಾಲ್ಕು ಒಣಮೆಣಸಿನಕಾಯಿ ಹಾಕಿಟ್ಟರೆ ಹುಳ ಕಡಿಮೆ. ತಿಂಗಳು ತುಂಬುತ್ತಲೇ ಕೊಟ್ಟುಬಿಡಿ. ಮನೆಗೆ ಸೋನಾ ಮಸೂರಿ ಬೇಯಿಸಿ ಡಬ್ಬಿಗೆ ನುಚ್ಚು ಹಾಕಬೇಡಿ. ಕುಂಟು, ಕುರುಡು ಪಶುವನ್ನು ಅರ್ಪಿಸುತ್ತೀರಲ್ಲ ಎಂದು ಮಲಾಕಿಯ 1:8ರಲ್ಲಿ ಬೈಸಿಕೊಂಡವರು ಮಾಡಿದ್ದೂ ಅದನ್ನೇ.

ಮೂರನೆಯ ಕವರ್ ತಂದೆತಾಯಿಗೆ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ದೇವರಿಗೆ ಮೀಸಲಿಟ್ಟೆವೆಂದು ಹೇಳಿ ತಂದೆತಾಯಿಗೆ ಏನೂ ಕೊಡದವರನ್ನು ಯೇಸು ಮಾರ್ಕ 7:9-13ರಲ್ಲಿ ಖಂಡಿಸಿದ್ದಾನೆ. ಅಪ್ಪ ಅಮ್ಮ ಕೇಳುವವರೆಗೆ ಕಾಯಬೇಡಿ, ತಾರೀಕು ಗೊತ್ತುಮಾಡಿ ಕಳಿಸಿ. ಬಿ.ಪಿ., ಶುಗರ್ ಮಾತ್ರೆಗೆ ತಿಂಗಳಿಗೆ ಎಷ್ಟಾಗುತ್ತದೆಂದು ಔಷಧಿ ಅಂಗಡಿಯ ಬಿಲ್ಲು ನೋಡಿಯೇ ತಿಳಿಯಿರಿ. ಕೇಳಿದರೆ ಅವರು ಕಡಿಮೆ ಹೇಳುತ್ತಾರೆ.

ಸಾಲದ ಪುಟ

ಈಗ ಇರುವ ಸಾಲಗಳನ್ನೆಲ್ಲ ಒಂದು ಪುಟಕ್ಕೆ ಇಳಿಸಿ: ಯಾರದು, ಎಷ್ಟು ಬಾಕಿ, ಬಡ್ಡಿ ಎಷ್ಟು, ಕಂತು ಎಷ್ಟು. ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತನ್ನಿ, ಇಲ್ಲದಿದ್ದರೆ ಮೋಸ ಕಾಣುವುದಿಲ್ಲ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ 36. ₹10,000 ಸಾಲವೆಂದು ಬರೆಸಿಕೊಂಡು ₹1,500 ಮೊದಲೇ ಮುರಿದು ₹8,500 ಕೈಗಿಟ್ಟು, ವಾರಕ್ಕೆ ₹1,000ದಂತೆ ಹತ್ತು ವಾರ ಕಟ್ಟಿಸಿಕೊಂಡರೆ ಕೇಳಲು ಹದಿನೈದು ಪರ್ಸೆಂಟ್. ಪ್ರತಿ ವಾರ ಅಸಲು ಇಳಿಯುವುದನ್ನು ಹಿಡಿದರೆ ಅದು ವರ್ಷಕ್ಕೆ ನೂರಕ್ಕೆ ನೂರೈವತ್ತನ್ನು ದಾಟುತ್ತದೆ. ಇಂಥದ್ದನ್ನು ಮೊದಲು ತೀರಿಸಿ, ಬ್ಯಾಂಕಿನದು ಆಮೇಲೆ. ಬಡ್ಡಿಯಿಲ್ಲದ ಕೈಸಾಲವನ್ನು ಮಾತ್ರ ಕೊನೆಗೆ ತಳ್ಳಬೇಡಿ. ಕೊಟ್ಟವರು ಬಾಯಿಬಿಟ್ಟು ಕೇಳುವುದಿಲ್ಲ ಎಂಬ ಕಾರಣಕ್ಕೇ ಅದು ವರ್ಷಗಟ್ಟಲೆ ನಿಲ್ಲುತ್ತದೆ. ಸಾಲ ಮಾಡಿ ತೀರಿಸದವನನ್ನು ಕೀರ್ತನೆ 37:21 ದುಷ್ಟನೆಂದೇ ಕರೆಯುತ್ತದೆ. ತಿಂಗಳಿಗೆ ₹500 ಆದರೂ ಕೊಡಿ.

ಮದುವೆಗೆ ಸಾಲ ಎತ್ತುವ ಮುನ್ನ, ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಎಣಿಸುತ್ತಾನೆ ಎಂಬ ಲೂಕ 14:28ನ್ನು ಅಕ್ಷರಶಃ ಮಾಡಿ. ಹಾಲ್, ಊಟ, ಉಡುಪು, ಬ್ಯಾಂಡು, ಫೋಟೋ ಒಂದೊಂದರ ಮುಂದೆ ಮೊತ್ತ ಬರೆದು, ಕೈಯಲ್ಲಿರುವ ಹಣ ಎಲ್ಲಿ ಮುಗಿಯುತ್ತದೋ ಅಲ್ಲಿ ಗೆರೆ ಎಳೆಯಿರಿ. ಗೆರೆಯ ಕೆಳಗಿನದು ಬೇಡ.

ಜಾಮೀನು ಸಹಿ

ಒಳ್ಳೆಯ ಕ್ರೈಸ್ತ ಮನೆಗಳು ಮುಳುಗುವುದು ಹೆಚ್ಚಾಗಿ ಇಲ್ಲಿ. 'ಬರೀ ಒಂದು ಸಹಿ ಅಣ್ಣ' ಎಂದು ಸಭೆಯವರೇ ಬಂದು ಕೇಳುತ್ತಾರೆ, ಇಲ್ಲ ಎನ್ನುವುದು ಪ್ರೀತಿಯ ಕೊರತೆ ಎನಿಸುತ್ತದೆ. ಜಾಮೀನು ನಿಲ್ಲಬೇಡ, ತೀರಿಸಲು ಇಲ್ಲದಿದ್ದರೆ ನಿನ್ನ ಕೆಳಗಿನ ಹಾಸಿಗೆಯನ್ನೂ ಎಳೆದುಕೊಂಡು ಹೋಗುತ್ತಾರೆ ಎಂದು ಜ್ಞಾನೋಕ್ತಿ 22:26-27 ಹೇಳುತ್ತದೆ. ನಮ್ಮ ಕಾನೂನೂ ಅಷ್ಟೇ ಕಟ್ಟುನಿಟ್ಟು: 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ, ಪತ್ರದಲ್ಲಿ ಬೇರೆ ಹೇಳದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಬ್ಯಾಂಕು ಮೊದಲು ಅವನನ್ನೇ ಕೇಳಲಿ ಎಂದು ಹಠ ಹಿಡಿಯಲಾಗುವುದಿಲ್ಲ. ಸಂಘದ ಗುಂಪು ಸಾಲವೂ ಜಾಮೀನೇ. ಹತ್ತು ಜನರಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರ ಮೇಲೆ ಬೀಳುತ್ತದೆ. ಬಲವಂತದ ವಸೂಲಿ ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಕಾನೂನು ಬಂದಿದೆ. ಬೆದರಿಸಿದರೆ ಪೊಲೀಸ್ ಠಾಣೆಗೆ ಹೋಗಬಹುದು.

ಇಲ್ಲ ಎನ್ನುವ ರೀತಿ: 'ಸಹಿ ಹಾಕಲ್ಲ ಅಂತ ಮನೆಯಲ್ಲಿ ತೀರ್ಮಾನ ಮಾಡಿದ್ದೀವಿ. ನನ್ನ ಕೈಲಾದದ್ದು ಇದು, ವಾಪಸ್ ಬೇಡ' ಎಂದು ಕಳೆದುಕೊಳ್ಳಲು ಸಾಧ್ಯವಾದಷ್ಟು ಮೊತ್ತ ಕೊಡಿ. ಈಗಾಗಲೇ ಸಹಿ ಹಾಕಿದ್ದರೆ ನಿದ್ರೆ ಮಾಡದೆ ಹೋಗಿ ಅಂಗಲಾಚಿ ಬಿಡಿಸಿಕೋ ಎಂದು ಜ್ಞಾನೋಕ್ತಿ 6:3-5 ಹೇಳುತ್ತದೆ. ಸಾಲಗಾರನ ಬಳಿ ಇವತ್ತೇ ಹೋಗಿ ಕಂತಿನ ಪಾಸ್‌ಬುಕ್ ನೋಡಿ, ಬಾಕಿ ಎಷ್ಟೆಂದು ಬ್ಯಾಂಕಿಗೆ ಬರವಣಿಗೆಯಲ್ಲಿ ಕೇಳಿ, ಬೇರೆ ಜಾಮೀನನ್ನೋ ಅಡವನ್ನೋ ಕೊಟ್ಟು ನಿಮ್ಮನ್ನು ಬಿಡಿಸುವಂತೆ ಅವನ ಜೊತೆಯೇ ಹೋಗಿ ಅರ್ಜಿ ಕೊಡಿ. ಬ್ಯಾಂಕು ಒಪ್ಪದೆ ನೀವಾಗಿ ಹೊರಬರಲು ಆಗುವುದಿಲ್ಲ.

ನೀವೇ ಸಾಲ ಕೊಡುವಾಗ

ಕಷ್ಟದಲ್ಲಿರುವವರಿಗೆ ಕೊಟ್ಟದ್ದಕ್ಕೆ ಬಡ್ಡಿ ಬೇಡ (ವಿಮೋಚನಕಾಂಡ 22:25). ಅವರ ಬದುಕು ನಡೆಯುವ ವಸ್ತುವನ್ನು ಅಡವು ಇಟ್ಟುಕೊಳ್ಳುವಂತಿಲ್ಲ. ಬೀಸುವ ಕಲ್ಲನ್ನು ತೆಗೆದುಕೊಳ್ಳಬೇಡ ಎಂದು ಧರ್ಮೋಪದೇಶಕಾಂಡ 24:6 ಹೇಳಿದ್ದು ಇಂದಿನ ಹೊಲಿಗೆ ಯಂತ್ರಕ್ಕೆ, ಆಟೋಗೆ, ರೇಷನ್ ಕಾರ್ಡಿಗೆ, ಎ.ಟಿ.ಎಂ. ಕಾರ್ಡಿಗೆ ಸಲ್ಲುತ್ತದೆ. ವಸೂಲಿಗೆ ಹೋದಾಗ ಹೊರಗೇ ನಿಲ್ಲು, ಒಳಗೆ ನುಗ್ಗಬೇಡ ಎಂದೂ ಅದೇ ಅಧ್ಯಾಯದಲ್ಲಿದೆ (10-11).

ಆದರೆ ಬರೆಸಿಕೊಳ್ಳಿ. ₹20,000 ಅಥವಾ ಅದಕ್ಕೂ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ, ಖಾತೆಯಿಂದ ಖಾತೆಗೆ ಕಳಿಸಿ. ಮೊತ್ತ, ತಾರೀಕು, ಕಂತು ಬರೆದು, ರೆವೆನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿಸಿ, ಇಬ್ಬರ ಬಳಿಯೂ ಒಂದೊಂದು ಪ್ರತಿ ಇರಲಿ. ತಾರೀಕು ಗೊತ್ತುಮಾಡದೆ, ಕೇಳಿದಾಗ ಕೊಡುತ್ತೇನೆಂದು ಬರೆಸಿಕೊಂಡ ಸಾಲಪತ್ರ (ಪ್ರಾಮಿಸರಿ ನೋಟು) ಬರೆದ ದಿನದಿಂದ ಮೂರು ವರ್ಷಕ್ಕೆ ಕೋರ್ಟಿನಲ್ಲಿ ನಿಲ್ಲದಾಗುತ್ತದೆ. ಅದರೊಳಗೆ ಅವರು ಬಾಕಿಯನ್ನು ಬರವಣಿಗೆಯಲ್ಲಿ ಒಪ್ಪಿದರೆ ಅವಧಿ ಹೊಸದಾಗಿ ಶುರುವಾಗುತ್ತದೆ. ಅವರಿಂದ ಆಗುವುದೇ ಇಲ್ಲ ಎಂದು ಕಂಡು ಬಿಟ್ಟುಬಿಡುವುದಾದರೆ ಬಾಯಿಮಾತಿನಲ್ಲಿ ಬಿಡಬೇಡಿ. ಪತ್ರದ ಮೇಲೆಯೇ 'ಪೂರ್ತಿ ಬಿಟ್ಟಿದ್ದೇನೆ' ಎಂದು ಬರೆದು, ಸಹಿ ಮತ್ತು ತಾರೀಕು ಹಾಕಿ, ಅವರ ಕೈಗೇ ಕೊಡಿ. ಹಾಗೆ ಮಾಡದಿದ್ದರೆ ನಿಮ್ಮ ನಂತರ ಬೀರುವಿನಲ್ಲಿ ಆ ಪತ್ರ ಸಿಕ್ಕಿದ ಮಕ್ಕಳು ಅದನ್ನು ಹಿಡಿದುಕೊಂಡು ಅವರ ಬಾಗಿಲಿಗೆ ಹೋಗುತ್ತಾರೆ.